ಮೂರು ಕಣ್ಣಿನ ಮೋರಿ

ಠಕ್, ಠಕ್, ಠಕ್.

ಹಿತ್ತಿಲ ಬಾಗಿಲಿನ ಮೇಲೆ ಬಿದ್ದ ಹೊಡೆತಕ್ಕೆ ಹಮೀದಾ ಬೇಗಂ ಧಡಕ್ಕನೆ ಎದ್ದು ಕುಳಿತಳು. ಹೊರಗೆ ಮಳೆ ಹೆಂಚು ಒಡೆಯುವ ಹಟ ತೊಟ್ಟಂತೆ ಸುರಿಯುತ್ತಿತ್ತು. ಕರೆಂಟು ಯಾವಾಗಲೋ ಹೋಗಿತ್ತು. ಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳು ಒಂದೇ ಕಂಬಳಿಯಲ್ಲಿ ಮುದುಡಿ ಮಲಗಿದ್ದರು.

"ಯಾರು?"

ಮತ್ತೆ ಮೂರು ಪೆಟ್ಟು. ಈ ಸಲ ಅಗುಳಿ ಅದುರಿತು. ಹಮೀದಾ ಲಾಟೀನು ಹಿಡಿದು, ಬಾಯಲ್ಲಿ ದೇವರ ಹೆಸರು ಹೇಳಿಕೊಂಡು ಬಾಗಿಲು ತೆರೆದಳು. ಅಲ್ಲಿ ಯಾರೂ ಇರಲಿಲ್ಲ. ಅವಳು ಲಾಟೀನನ್ನು ಕೆಳಗೆ ಹಿಡಿದಳು. ಸಂಜೆ ಅವಳು ಕೊಡ ತೊಳೆದಿಟ್ಟಿದ್ದ ಮೆಟ್ಟಿಲು ಕಾಣೆಯಾಗಿತ್ತು. ಅದರ ಜಾಗದಲ್ಲಿ ಕಂದು ಬಣ್ಣದ ನೀರು, ನೊರೆಯನ್ನು ಹೊತ್ತುಕೊಂಡು, ಹೊಸ್ತಿಲನ್ನು ನೆಕ್ಕುತ್ತ ನಿಂತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಮುಂಬಾಗಿಲಿನಿಂದ ಅದೇ ಸದ್ದು ಕೇಳಿಸಿತು. ಆಮೇಲೆ ಅದರಾಚೆಯ ಮನೆ. ಮಳೆಯೊಳಗೆ ಠಕ್ ಠಕ್ ಎಂಬ ಸದ್ದು ಬೀದಿಯುದ್ದಕ್ಕೂ ದೂರ ದೂರ ಸಾಗುತ್ತಿತ್ತು. ಯೋಚಿಸುವುದಕ್ಕೆ ಹೊತ್ತಿರಲಿಲ್ಲ. ಹಮೀದಾ ಮಕ್ಕಳನ್ನು ಎಬ್ಬಿಸಿ ಅಟ್ಟಕ್ಕೆ ಹತ್ತಿಸಿದಳು. ಆ ವಾರ ಸಂತೆಯಿಂದ ತಂದಿದ್ದ ರೇಷ್ಮೆ ಗೂಡಿನ ಚೀಲಗಳನ್ನು, ಸುತ್ತಿಟ್ಟಿದ್ದ ನೂಲಿನ ಲಡಿಗಳನ್ನು ಒಂದೊಂದಾಗಿ ಮೇಲಕ್ಕೆ ದಾಟಿಸಿದಳು. ಕೊನೆಯ ಚೀಲ ಎತ್ತುವ ಹೊತ್ತಿಗೆ ನೀರು ಮೊಣಕಾಲು ಮುಟ್ಟಿತ್ತು.

* * *

ಬೆಳಗಾದಾಗ ಶಿಡ್ಲಘಟ್ಟದ ತಗ್ಗಿನ ಮೊಹಲ್ಲಾದಲ್ಲಿ ಮೊದಲು ಕೇಳಿಸಿದ್ದು ಹೆಸರುಗಳು. ಪ್ರತಿ ಮನೆಯವರೂ ಇನ್ನೊಂದು ಮನೆಯವರ ಹೆಸರು ಕೂಗಿದರು, ಕೂಗಿದ ಪ್ರತಿ ಹೆಸರಿಗೂ "ಹ್ಞಾಂ, ಇದೀವಿ" ಎಂಬ ಮರುದನಿ ಬಂತು. ಒಂದು ಜೀವವೂ ಹೋಗಿರಲಿಲ್ಲ. ಬೀದಿಯ ಹಿರಿಯ ಹುಸೇನ್ ಸಾಬ್‌ರ ಹೆಂಡತಿ ಖತೀಜಾ ಬೀ, ಎರಡು ವರ್ಷದಿಂದ ಮಂಚ ಬಿಟ್ಟು ಏಳದವರು, ಮಂಚದ ಸಮೇತ ಮಸೀದಿಯ ಜಗುಲಿ ಸೇರಿ, "ಇಷ್ಟು ವರ್ಷಕ್ಕೆ ಇವತ್ತು ಮನೆಯಿಂದಾಚೆ ಕರ್ಕೊಂಡು ಬಂದ್ರಲ್ಲ, ಅಷ್ಟೇ ಸಾಕು" ಎಂದು ಗಂಡನನ್ನು ಹಂಗಿಸುತ್ತಿದ್ದರು. ನಗಬಾರದ ಹೊತ್ತಿನಲ್ಲೂ ಎಲ್ಲರೂ ನಕ್ಕರು. ಅಂಥ ನಗು ಬದುಕಿ ಉಳಿದವರಿಗೆ ಮಾತ್ರ ಬರುತ್ತದೆ.

ತೊಂಬತ್ತೊಂದನೆಯ ಇಸವಿ ಅದು. ಆ ವರ್ಷ ಮುಂಗಾರು ಮುಖ ಕೂಡ ತೋರಿಸಿರಲಿಲ್ಲ. ಅದಕ್ಕೂ ಹಿಂದೆ ವರ್ಷಗಟ್ಟಲೆ ಬೀದಿಯ ಹಿಂದಿನ ರಾಜಕಾಲುವೆ ಒಣಗಿಯೇ ಬಿದ್ದಿತ್ತು. ಮೇಲಿನ ಕೆರೆಯ ಹೆಚ್ಚುವರಿ ನೀರನ್ನು ಕೆಳಗಿನ ಕೆರೆಗೆ ಒಯ್ಯಲೆಂದು ಹಿಂದಿನವರು ತೋಡಿದ ಆ ಕಾಲುವೆಯಲ್ಲಿ ಹುಡುಗರು ಗೋಲಿಯಾಡಿದರು, ಮೇಕೆ ಕಟ್ಟಿದರು, ಕೆಲವರು ದಡಕ್ಕೆ ಗೋಡೆಯನ್ನೂ ಮುಂದೊತ್ತಿದರು. ಅದು ನೀರಿನ ದಾರಿ ಎಂಬುದನ್ನು ಊರು ಮರೆತಿತ್ತು, ನೀರು ಮರೆತಿರಲಿಲ್ಲ. ಚಿತ್ತೆ ಮಳೆ ಒಂದೇ ರಾತ್ರಿಯಲ್ಲಿ ಬಾಕಿಯನ್ನೆಲ್ಲ ಸುರಿದಾಗ, ಅದು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದಿತ್ತು.

ಬಂದ ನೀರು ಹೋಗಬೇಕಾದದ್ದು ಬೀದಿಯ ಕೊನೆಯಲ್ಲಿ ರಸ್ತೆಯಡಿ ಇರುವ ಕಲ್ಲಿನ ಮೋರಿಯಿಂದ. ಅದಕ್ಕೆ ಮೂರು ಕಣ್ಣು. ಪಕ್ಕದ ಎರಡು ಕಿರಿದು, ಎತ್ತರದಲ್ಲಿವೆ. ನೀರನ್ನು ನಿಜವಾಗಿ ನುಂಗುವುದು ನಡುವಿನ ದೊಡ್ಡ ಕಣ್ಣು. ಬೆಳಗಿನ ಬೆಳಕಿನಲ್ಲಿ ಗಂಡಸರು ಹಗ್ಗ ಕಟ್ಟಿ ಆಚೆಬದಿಯಿಂದ ಎಳೆದಾಗ ಆ ದೊಡ್ಡ ಕಣ್ಣಿನೊಳಗಿಂದ ಹೊರಬಂದದ್ದು ಚಂದ್ರಿಕೆಗಳು. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ, ಮೈಮೇಲೆ ಸುರುಳಿ ಸುರುಳಿಯಾಗಿ ಬಿದಿರು ದಬ್ಬೆ ಹೆಣೆದ, ಆಳೆತ್ತರದ ಚಾಪೆಗಳು. ಒಂದರ ಮೇಲೊಂದು ಒತ್ತಿಕೊಂಡು, ಕಸಕಡ್ಡಿಯನ್ನೆಲ್ಲ ತಬ್ಬಿಕೊಂಡು, ಅವು ಮೋರಿಗೆ ಮುಚ್ಚಳ ಹಾಕಿದ್ದವು. ಅವು ಬಂದದ್ದೇ ತಡ, ನಿಂತ ನೀರು ಹೂಂಕರಿಸಿ ಹೊರಟಿತು. ಬೀದಿ ನಿಟ್ಟುಸಿರು ಬಿಟ್ಟಿತು.

ಹಮೀದಾಳ ನಿಟ್ಟುಸಿರು ಮಾತ್ರ ಅರ್ಧದಲ್ಲೇ ನಿಂತಿತು. ಮೋರಿ ಶುಚಿಮಾಡಿಸುವ ಪುರಸಭೆಯ ಮೇಸ್ತ್ರಿ ಅವಳ ಗಂಡ ಷರೀಫ್.

"ಏನಪ್ಪಾ ಷರೀಫು," ದಡದ ಮೇಲಿಂದ ಪಾಪಯ್ಯ ಶುರುಮಾಡಿದ. ಮೋರಿಯಾಚೆಯ ದಿಣ್ಣೆಯಲ್ಲಿ ಚಂದ್ರಿಕೆ ಹೆಣೆದು ಬಾಡಿಗೆಗೆ ಕೊಡುವವನು, ಜೊತೆಗೆ ಹುಳುವನ್ನೂ ಸಾಕುವವನು. "ಕ್ಲೀನ್ ಮಾಡ್ದೆ, ಕ್ಲೀನ್ ಮಾಡ್ದೆ ಅಂತಿದ್ದೆ. ಇವೇನು ನಿಮ್ಮತ್ತೆ ಮನೆಯಿಂದ ಬಂದ ಬಳುವಳೀನಾ?"

ಷರೀಫ್ ರಾತ್ರಿಯೆಲ್ಲ ಕೆಳಗಿನ ಕೆರೆಯ ಕೋಡಿಯಲ್ಲಿ ಮರಳಿನ ಮೂಟೆ ಹೊತ್ತು ಆಗತಾನೆ ಬಂದಿದ್ದ. ರೆಪ್ಪೆಯ ಮೇಲೂ ಕೆಸರು. "ಗೌರಿ ಹಬ್ಬಕ್ಕೆ ಮುಂಚೆ ಮೂರೂ ಕಣ್ಣೊಳಗೆ ತೆವಳ್ಕೊಂಡು ಹೋಗಿ ಬಂದಿದ್ದೀನಿ ಕಣಣ್ಣ. ಒಂದು ಕಡ್ಡೀನೂ ಇರಲಿಲ್ಲ."

"ಕಂಡೋರು ಯಾರು? ಕಪ್ಪೆಗಳಾ?"

"ಪಾಪಯ್ಯ, ನಿನ್ನ ಭಾವಮೈದನಿಗೆ ಆ ಮೇಸ್ತ್ರಿ ಕೆಲಸ ಬೇಕು ಅನ್ನೋದು ಕಪ್ಪೆಗಳಿಗೂ ಗೊತ್ತು," ಎಂದರು ಹುಸೇನ್ ಸಾಬ್. "ಅದಿರಲಿ, ಚಂದ್ರಿಕೆ ಯಾರದ್ದು? ಈ ಊರಲ್ಲಿ ಚಂದ್ರಿಕೆ ಅಂದ್ರೆ ನಿನ್ನ ಹೆಸರೇ ಬರೋದು."

"ನಂದಲ್ಲ ಸಾಬ್ರೇ! ನನ್ನವಕ್ಕೆ ಅಂಚಿಗೆ ಹಸಿರು ಬಣ್ಣ ಬಳಿದಿರ್ತೀನಿ."

"ರಾತ್ರಿ ನೀರಿಗೆ ನಮ್ಮ ಗೋಡೆ ಸುಣ್ಣವೇ ಹೋಯ್ತು, ನಿನ್ನ ಬಣ್ಣ ನಿಲ್ತದಾ?" ಎಂದು ಯಾರೋ ಕುಟುಕಿದರು. ಪಾಪಯ್ಯ ಬಿದಿರು ಸೀಳಿ ಸೀಳಿ ಗೀರು ಬಿದ್ದ ಕೈಗಳನ್ನು ಟವಲಿನೊಳಗೆ ಅಡಗಿಸಿಕೊಂಡ. ಅದು ಹಮೀದಾಳ ಕಣ್ಣಿಗೆ ಬಿತ್ತು.

ಚಿಕ್ಕಬಳ್ಳಾಪುರದಿಂದ ಎ.ಸಿ. ಸಾಹೇಬರು ಮಧ್ಯಾಹ್ನದ ಹೊತ್ತಿಗೆ ಬರುತ್ತಾರೆಂದು ಸುದ್ದಿ ಬಂತು. ಷರೀಫನ ಕೆಲಸ ಕಾಯಂ ಆಗುವ ಮಾತು ಆ ತಿಂಗಳೇ ನಡೆದಿತ್ತು. ಅದೀಗ ಕಾಯಂ ಆಗುವುದಿರಲಿ, ಉಳಿಯುವುದೂ ಇವತ್ತಿನ ವಿಚಾರಣೆಯ ಮೇಲೆ ನಿಂತಿತು.

* * *

ಮಸೀದಿಯ ಜಗುಲಿಗೆ ಮೊದಲು ಅನ್ನ ತಂದವಳು ಲಕ್ಷ್ಮೀನರಸಮ್ಮ. ಮೇಲೂರಿನಿಂದ ಮದುವೆಯಾಗಿ ಬಂದು ಮೋರಿಯಾಚೆಯ ಅದೇ ದಿಣ್ಣೆಯಲ್ಲಿ ನೆಲೆಸಿದವಳು. ದಿಣ್ಣೆಯ ಮೇಲಿನ ನಾಲ್ಕಾರು ಮನೆಗಳೂ ಹುಳು ಸಾಕುವವರವೇ. ಅವಕ್ಕೆ ನೀರು ಮುಟ್ಟಿರಲಿಲ್ಲ. ಚಿತ್ರಾನ್ನದ ದೊಡ್ಡ ತಪ್ಪಲೆ ಇಳಿಸುತ್ತಲೇ ಅವಳು ಹಮೀದಾಳ ಗಲ್ಲ ಹಿಡಿದಳು.

"ಏಮ್ಮಾ ಹಮೀದಮ್ಮ, ಮಕ್ಕಳು ಹೆಂಗವ್ರೆ? ನೂಲು?"

"ಎಲ್ಲಾ ಅಟ್ಟದ ಮೇಲೆ ಬೆಚ್ಚಗವೆ ನರಸಕ್ಕ. ಯಾರೋ ಪುಣ್ಯಾತ್ಮರು ಬಾಗಿಲು ತಟ್ಟಿದ್ರು, ಬದುಕಿದ್ವಿ. ನಿಮ್ಮ ಕೈಗೇನಾಯ್ತು?"

ಲಕ್ಷ್ಮೀನರಸಮ್ಮನ ಬಲ ಅಂಗೈಗೆ ಅರಿಶಿನ ಹಚ್ಚಿದ ಬಟ್ಟೆ ಸುತ್ತಿತ್ತು. "ಎಳೇ ಹುಳಕ್ಕೆ ಸೊಪ್ಪು ಕೊಚ್ತಾ ಕತ್ತಿ ತಾಗ್ತು, ಬಿಡಮ್ಮ," ಎಂದು ಸೀನಿದಳು. ಆಮೇಲೆ ಪಾಪಯ್ಯನ ಕಡೆ ತಿರುಗಿದಳು. "ಷರೀಫಣ್ಣನ ಮೇಲೆ ಒಂದು ಮಾತು ಎತ್ತಿದ್ರೆ ನಿಂಗೆ ಚಿತ್ರಾನ್ನ ಇಲ್ಲ ಕಣಯ್ಯ! ಆ ಮೋರಿ ಮುಚ್ಚಿದ ಕೈಗೆ ಬರೆ ಹಾಕ್ಬೇಕು."

"ಹಾಕೋಣ, ಮೊದ್ಲು ಎಲೆಗೆ ಹಾಕು," ಎಂದ ಪಾಪಯ್ಯ.

ಹುಸೇನ್ ಸಾಬ್ ತುತ್ತು ಕೈಯಲ್ಲಿ ಹಿಡಿದೇ ಮಾತಾಡಿದರು. "ನಮ್ಮ ಕಾಲದಲ್ಲಿ ಮಳೆ ಹೇಳಿ ಬರ್ತಿತ್ತು. ಹುಬ್ಬೆ ಇಷ್ಟು, ಉತ್ತರೆ ಇಷ್ಟು ಅಂತ ಪಾಲು ಹಂಚಿಕೊಂಡು ಬರ್ತಿತ್ತು. ಈಗ ನೋಡು, ವರ್ಷಗಟ್ಲೆ ಮುಖ ತೋರಿಸಲ್ಲ, ಬಂದ್ರೆ ಮನೆ ಜಫ್ತಿಗೆ ಬಂದಂಗೆ ಬರ್ತದೆ. ಆ ಬಾಗಿಲು ತಟ್ಟಿದ ಮಹಾನುಭಾವ ಸಿಕ್ಕಿದ್ರೆ ನನ್ನ ತಲೆ ಮೇಲಿನ ಪೇಟ ತೆಗೆದು ಅವನ ತಲೆಗೆ ಇಡ್ತೀನಿ. ಅಲ್ಲಾ, ನೀರು ಮನೆಯೊಳಗೆ ನುಗ್ಗೋಕ್ ಮುಂಚೆ ಅವನಿಗೆ ಹೇಗೆ ಗೊತ್ತಾಯ್ತು?"

ಆ ಪ್ರಶ್ನೆ ಯಾರಿಗೂ ತಾಕದೆ ಹೋಯಿತು. ಎಲ್ಲರೂ ಉಪ್ಪಿನಕಾಯಿ ಕೇಳುತ್ತಿದ್ದರು. ಹಮೀದಾ ಮಾತ್ರ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದಳು.

ನೀರು ನುಗ್ಗುವ ಮೊದಲೇ ಗೊತ್ತಾಗಬೇಕಾದರೆ, ಮೋರಿ ಕಟ್ಟಿದೆ ಎಂಬುದು ಮೊದಲೇ ಗೊತ್ತಿರಬೇಕು.

ಅವಳು ಎದ್ದು ಮೋರಿಯತ್ತ ನಡೆದಳು. ರಸ್ತೆಯಂಚಿನ ಲಂಟಾನ ಪೊದೆಯಲ್ಲಿ ಎರಡು ಚಂದ್ರಿಕೆ ಸಿಕ್ಕಿಕೊಂಡಿದ್ದವು. ನೀರು ಅಷ್ಟು ಮೇಲೆ ಹತ್ತಿರಲಿಲ್ಲ, ಪೊದೆಯ ಬುಡದಲ್ಲಿ ನೀರು ಬಿಟ್ಟುಹೋದ ಕಸಕಡ್ಡಿ ಇರಲಿಲ್ಲ. ಬೆಳಗ್ಗೆ ಎಳೆದವರು ಎಲ್ಲವನ್ನೂ ಆಚೆಬದಿಗೆ ರಾಶಿ ಹಾಕಿದ್ದರು. ಹಾಗಾದರೆ ಇವೆರಡನ್ನು ಯಾರೋ ರಾತ್ರಿಯೇ, ನೀರು ಏರುವ ಮೊದಲು, ಎಳೆದು ಎಸೆದಿದ್ದಾರೆ. ಮಿಕ್ಕವನ್ನು ಎಳೆಯಲಾಗಿಲ್ಲ. ಆಗ ಅವರು ಓಡಿದ್ದಾರೆ. ಎಲ್ಲಿಗೆ? ತಗ್ಗಿನ ಬೀದಿಗೆ, ಬಾಗಿಲು ಬಾಗಿಲಿಗೆ.

ಹಮೀದಾ ಬಗ್ಗಿ ಚಂದ್ರಿಕೆಯ ಸುರುಳಿಯಿಂದ, ಗೂಡು ಬಿಡಿಸಿದ ಮೇಲೆ ಅಂಟಿ ಉಳಿದಿದ್ದ ಎಳೆಗಳನ್ನು ಕಿತ್ತು ಬಿಸಿಲಿಗೆ ಹಿಡಿದಳು. ಮದುವೆಯಾದಂದಿನಿಂದ ಬಿಸಿನೀರಲ್ಲಿ ಗೂಡು ಬೇಯಿಸಿ ನೂಲು ತೆಗೆದ ಬೆರಳುಗಳವು. ಎಳೆ ಹಳದಿಯಾಗಿರಲಿಲ್ಲ. ಮಲ್ಲಿಗೆಯ ಬಿಳುಪು.

ಊರಿನಲ್ಲಿ ಹೆಚ್ಚಿನವರು ಬೆಳೆಯುವುದು ಹಳದಿ ಗೂಡು. ಬಿತ್ತನೆಗೆಂದು ಬಿಳಿ ಗೂಡು ಬೆಳೆಯುವವರು ಕೆಲವೇ ಮನೆಯವರು, ಅವರೆಲ್ಲ ದಿಣ್ಣೆಯ ಮೇಲಿದ್ದಾರೆ.

ಅವಳು ಬೀದಿಗೆ ಹಿಂತಿರುಗಿ ಮನೆಮನೆಯಲ್ಲೂ ಒಂದೇ ಪ್ರಶ್ನೆ ಕೇಳಿದಳು: ಯಾವ ಬಾಗಿಲು ತಟ್ಟಿದರು? ಎಲ್ಲರದೂ ಒಂದೇ ಉತ್ತರ, ಮುಂಬಾಗಿಲು. ಹಿತ್ತಿಲ ಬಾಗಿಲು ತಟ್ಟಿದ್ದು ಅವಳ ಮನೆಯದು ಮಾತ್ರ. ಮುಂದಿನ ಕೋಣೆಯಲ್ಲಿ ಒಲೆ, ಚರಕ. ಮನೆಯವರು ಮಲಗುವುದು ಹಿಂದೆ. ಮುಂದೆ ತಟ್ಟಿದರೆ ಕೇಳಿಸದು ಎಂಬುದು ಬೇರೆಯವರಿಗೆ ಹೇಗೆ ಗೊತ್ತು? ಗೂಡಿನೊಳಗಿನ ಸತ್ತ ಹುಳುವನ್ನು ತೋಟದ ಗೊಬ್ಬರಕ್ಕೆ ಒಯ್ಯಲು ದಿಣ್ಣೆಯವರು ಬರುವುದು ಆ ಹಿತ್ತಿಲಿಗೇ. ಪಾಪಯ್ಯನ ಮನೆಯವರೂ ಬರುತ್ತಾರೆ. ಇತರರೂ ಬರುತ್ತಾರೆ.

ಬಾವಿಕಟ್ಟೆಯ ಮೇಲೆ ಹಮೀದಾ ಬಹಳ ಹೊತ್ತು ಕುಳಿತಳು. ಬೆಳಗಿನಿಂದ ಕಂಡದ್ದನ್ನೆಲ್ಲ ಒಂದೊಂದೇ ಎಳೆಯಾಗಿ ಬಿಡಿಸಿ, ಕೂಡಿಸಿ, ಹುರಿಗೊಳಿಸಿದಳು. ಕೊನೆಯ ಎಳೆ ಕೈಗೆ ಸಿಕ್ಕಾಗ ಅವಳಿಗೆ ಸಿಟ್ಟು ಬರಲಿಲ್ಲ. ಕಣ್ಣು ತುಂಬಿ ಬಂತು.

ಷರೀಫ್ ಬಂದು ಪಕ್ಕದಲ್ಲಿ ನಿಂತ. "ಜೀಪು ಬಂತು. ಹೋಗ್ಲಿ ಬಿಡು, ಕೆಲಸ ಹೋದ್ರೆ ಗೌರಿಬಿದನೂರಲ್ಲಿ ನಮ್ಮಣ್ಣ ಇದ್ದಾನೆ. ಮಕ್ಕಳು ಉಳಿದ್ವಲ್ಲ."

"ಮಕ್ಕಳನ್ನ ಉಳಿಸಿದೋರೇ ನಿಮ್ಮ ಕೆಲಸಾನೂ ಉಳಿಸ್ತಾರೆ. ನಡೀರಿ," ಎಂದಳು ಹಮೀದಾ.

* * *

ಎ.ಸಿ. ಸಾಹೇಬರು ಕನ್ನಡಕ ಒರೆಸಿಕೊಂಡು ಮೋರಿಯನ್ನು ಮೇಲೆ ಕೆಳಗೆ ನೋಡಿದರು. ಪಾಪಯ್ಯ ಮುಂದೆ ಬಂದು ಕೈಮುಗಿದ. "ಸಾರ್, ಮೇಸ್ತ್ರಿ ಮೋರಿ ಮುಟ್ಟೇ ಇಲ್ಲ..."

"ಮುಟ್ಟಿದ್ದಾರೆ ಸಾರ್." ತಲೆಯ ಮೇಲಿನ ಸೆರಗು ಬಿಗಿದುಕೊಂಡು ಹಮೀದಾ ಹೇಳಿದಳು. "ಅಪ್ಪಣೆ ಕೊಟ್ರೆ ತೋರಿಸ್ತೀನಿ. ಈ ಚಂದ್ರಿಕೆ ನೋಡಿ. ಇದರಲ್ಲಿ ಗೂಡು ಬಿಡಿಸಿದ್ದು ಹೊಸದಾಗಿ. ಎಳೆ ಇನ್ನೂ ಪುಡಿಯಾಗಿಲ್ಲ, ಕಪ್ಪಾಗಿಲ್ಲ. ಹಬ್ಬಕ್ಕೆ ಮುಂಚೆ ಇಟ್ಟಿದ್ರೆ ಧೂಳು, ಇರುವೆ ತಿಂದು ಇಷ್ಟೊತ್ತಿಗೆ ಬೂದಿಯಾಗಿರ್ತಿತ್ತು. ನಮ್ಮೋರು ಶುಚಿ ಮಾಡಿದ ಮೇಲೆ ಇವು ಒಳಗೆ ಹೋಗಿವೆ."

ಎಳೆ ಕೈಯಿಂದ ಕೈಗೆ ಹೋಯಿತು. ನೂಲಿನ ಬೀದಿ ಅದು. ಸುಳ್ಳು ಹೇಳಿದರೆ ಹತ್ತು ಬಾಯಿ ತಿದ್ದುತ್ತಿದ್ದವು. ಹುಸೇನ್ ಸಾಬ್ ಉಜ್ಜಿ ನೋಡಿ, "ಹದಿನೈದು ದಿನಕ್ಕಿಂತ ಹಳೇದಲ್ಲ," ಎಂದರು. ಪಾಪಯ್ಯ ಕೂಡ, ಬೇರೆ ದಾರಿಯಿಲ್ಲದೆ, ತಲೆಯಾಡಿಸಿದ.

"ಸರಿ, ಮೇಸ್ತ್ರಿ ತಪ್ಪಿಲ್ಲ," ಎಂದರು ಸಾಹೇಬರು. "ಅವರ ಕೆಲಸಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ, ನಾನೇ ಬರೀತೀನಿ."

ಷರೀಫ್ ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತುಬಿಟ್ಟ. ಕೆಸರು ಮೆತ್ತಿದ ಮುಖದ ಮೇಲೆ ಎರಡು ಗೆರೆ ಇಳಿದವು. ಯಾರೋ ಅವನ ಬೆನ್ನು ಗುದ್ದಿದರು, ಯಾರೋ ಬೀಡಿ ಕೊಟ್ಟರು.

"ಈಗ ಇಟ್ಟವರು ಯಾರು ಅನ್ನೋದು ಹೇಳಮ್ಮ."

"ಹೇಳ್ತೀನಿ ಸಾರ್. ಅದಕ್ಕೆ ಮುಂಚೆ ಹುಸೇನ್ ಚಾಚಾ ಒಂದು ಮಾತು ಕೊಡ್ಬೇಕು. ಬಾಗಿಲು ತಟ್ಟಿದೋರಿಗೆ ಪೇಟ ಇಡ್ತೀನಿ ಅಂದ್ರಲ್ಲ. ಅದು ಯಾರಾದ್ರೂ ಸರೀನಾ?"

"ಯಾರಾದ್ರೂ ಸರಿ! ಖತೀಜಾನ ಉಳಿಸಿದೋರು ಅವರು. ಪಾಪಯ್ಯನೇ ಆದ್ರೂ ಇಡ್ತೀನಿ."

"ನಾನಲ್ಲಪ್ಪ, ನಾನು ಗೊರಕೆ ಹೊಡೀತಿದ್ದೆ," ಎಂದ ಪಾಪಯ್ಯ. ಗುಂಪು ಘೊಳ್ಳೆಂದಿತು.

"ಕೇಳಿಸ್ಕೊಳ್ಳಿ ಹಾಗಾದ್ರೆ. ತಟ್ಟಿದೋರು, ಇಟ್ಟೋರು ಇಬ್ಬರಲ್ಲ, ಒಬ್ಬರೇ."

ನಗು ನಿಂತಿತು. 

"ಬೇಕಂತ ಇಟ್ಟಿದ್ದಲ್ಲ," ಹಮೀದಾ ಅವಸರವಿಲ್ಲದೆ ಹೇಳಿದಳು. "ಅವರ ಮನೆಗೆ ಹೊಸ ಚಾಕಿ ಬಂದಿತ್ತು, ಆಗತಾನೆ ಮೊಟ್ಟೆಯೊಡೆದ ಎಳೇ ಹುಳ. ಹಳೇ ಬೆಳೆಯ ಚಂದ್ರಿಕೇನ ಎಳೇ ಹುಳ ಇರೋ ಸೂರಿನಡಿ ಇಡಬಾರದು, ರೋಗ ತಗಲ್ತದೆ. ಇದು ಹುಳ ಸಾಕೋರ ಮನೇಲಿ ಮಗೂಗೂ ಗೊತ್ತು. ಹೊರಗೆ ಬಿಸಿಲಿಗೆ ಬಿಟ್ರೆ ದನ ತುಳೀತವೆ. ಈ ಮೋರಿ ಕಣ್ಣು ವರ್ಷಾನುಗಟ್ಲೆ ಒಣಗಿ ಗೋಡೌನ್ ಥರ ತಣ್ಣಗಿತ್ತು. ನಾಲ್ಕು ದಿನಕ್ಕೆ ಅಂತ ಇಟ್ರು. ಇಲ್ಲಿ ನೀರು ಬರ್ತದೆ ಅಂತ ನಾವ್ಯಾರು ನೆನಪಿಟ್ಟಿದ್ವಿ ಹೇಳಿ?"

ಮುಂದೊತ್ತಿದ ಗೋಡೆಗಳ ಮಾಲೀಕರು ಕೆಮ್ಮಿದರು. ಮೇಕೆ ಕಟ್ಟುವವರು ನೆಲ ನೋಡಿದರು.

"ಅಷ್ಟೊತ್ತಿನಲ್ಲಿ ಎಚ್ಚರ ಇರೋರು ಯಾರು? ಹುಳಕ್ಕೆ ಸೊಪ್ಪು ಹಾಕೋರು. ಮಳೆ ಸದ್ದು ಕೇಳಿ ಎದೆ ಒಡೆದು ಓಡಿ ಬಂದ್ರು, ಕತ್ತಲಲ್ಲಿ ಎರಡು ಚಂದ್ರಿಕೆ ಎಳೆದ್ರು, ಮೂರನೇದು ಬರಲಿಲ್ಲ. ಬಿದಿರು ಕೈ ಸೀಳ್ತು. ಹೆಸರು ಹೇಳೋಕೆ ಹೆದರಿಕೆ, ಹೇಳ್ದೇ ಇರೋಕೆ ಮನಸ್ಸಿಲ್ಲ. ಬಾಗಿಲು ತಟ್ಟಿದ್ರು. ತಮ್ಮ ಎಳೇ ಹುಳಾನ ಹಸಿವಿಗೆ ಬಿಟ್ಟು ನಮ್ಮ ಮಕ್ಕಳ ಬಾಗಿಲು ತಟ್ಟಿದ್ರು ಸಾರ್."

ಸಾಹೇಬರು ಕನ್ನಡಕ ತೆಗೆದರು. "ಹಳೇ ಮಳೆಗೆ ಕಟ್ಟಿದ ಮೋರಿ ಇದು, ಈಗ ಬರ್ತಿರೋದು ಹೊಸ ಮಳೆ. ಬಾಯಿಗೊಂದು ಕಬ್ಬಿಣದ ಜಾಲರಿ ಹಾಕಿಸೋಣ. ಪಕ್ಕದ ಕಣ್ಣು ಅಗಲ ಮಾಡಿಸೋಣ. ಮಳೆಗಾಲದಲ್ಲಿ ಮೋರಿ ನೋಡಿ ಬರೋ ಪಾಳಿ, ದಿನಕ್ಕೊಂದು ಮನೆ. ಒಪ್ಪಿಗೇನಾ?"

"ಒಪ್ಪಿಗೆ," ಎಂದಿತು ಬೀದಿ.

"ಇಟ್ಟವರಿಗೆ ಶಿಕ್ಷೆ?"

ಹುಸೇನ್ ಸಾಬ್ ಮೆಲ್ಲಗೆ ಪೇಟ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ಮೊದಲನೇ ಪಾಳಿ ಅವರದ್ದು. ಅಷ್ಟೇ ಶಿಕ್ಷೆ. ಹೆಸರು ಹೇಳಮ್ಮ, ಈ ಮುದುಕನ ತಲೆ ತಣ್ಣಗಾಗ್ತಾ ಇದೆ."

ಹಮೀದಾ ಗುಂಪಿನ ಹಿಂದಿನ ಸಾಲನ್ನು ನೋಡಿದಳು. ಅಲ್ಲೊಂದು ತಲೆ, ಅಳುತ್ತಲೇ, ಹೇಳು ಎನ್ನುವಂತೆ ಸಣ್ಣಗೆ ಅಲ್ಲಾಡಿತು.

"ಬೆಳಗ್ಗೆ ಅವರು ನಂಗೊಂದು ಸುಳ್ಳು ಹೇಳಿದ್ರು ಚಾಚಾ, ಸೊಪ್ಪು ಕೊಚ್ತಾ ಕತ್ತಿ ತಾಗ್ತು ಅಂತ. ಕತ್ತಿ ಹಿಡಿಯೋ ಕೈಗೆ ಕತ್ತಿ ಹೇಗೆ ತಾಗ್ತದೆ?" ಹಮೀದಾಳ ತುಟಿಯಂಚಿನಲ್ಲಿ ನಗು, ಕಣ್ಣಂಚಿನಲ್ಲಿ ನೀರು. ಅವಳು ಕೈ ಚಾಚಿದಳು.

"ಬನ್ನಿ, ಲಕ್ಷ್ಮೀನರಸಮ್ಮ."